ಹೌಸಿಂಗ್ ಬದಲಿಸುವ ಮುಂಚೆ ಹಲ್ಲು ಎಣಿಸಿ

ಹಳೇ ಮಿಲಿಟರಿ ಜೀಪಿನ ಹಿಂದಿನ ಆಕ್ಸಲ್ ಕಟ್ಟಾದರೆ ಇಡೀ ಹೌಸಿಂಗನ್ನೇ ಬದಲಿಸಿಬಿಡುವುದು ರೂಢಿಯಾಗಿದೆ. ಗುಜರಿಯಿಂದ ಯಾವುದೋ ಜೀಪಿನ 'ಫುಲ್ ಸೆಟ್' ತಂದು ಕೂರಿಸಿದರೆ ಒಂದೇ ದಿನದ ಕೆಲಸ, ತಲೆನೋವಿಲ್ಲ ಅನ್ನುತ್ತಾರೆ. ನನ್ನ ಪ್ರಕಾರ ಇದು ದುಡ್ಡು ಕೊಟ್ಟು ತಲೆನೋವು ತರುವ ಕೆಲಸ.

ಸೈನ್ಯದ ಕಾಗದದಲ್ಲಿ ಈ ಜೀಪಿನ ಹೆಸರು ಕಾಲು ಟನ್ನಿನ ಟ್ರಕ್ಕು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಮಿಕ್ಕಿ ತಯಾರಿಸಿದ್ದವು. ನಾವು ಇದನ್ನು ಇಟ್ಟುಕೊಂಡದ್ದು ಶೋಕಿಗಲ್ಲ. ಮಳೆಗಾಲದಲ್ಲಿ ಗೊಬ್ಬರ ಹೇರಿಕೊಂಡು ಜಾರುವ ಏರು ಹತ್ತಲು ನಾಲ್ಕೂ ಚಕ್ರ ಎಳೆಯಬೇಕು. ಹೌಸಿಂಗ್ ಬದಲಿಸಿದವರು ಮೊದಲು ಕಳಕೊಳ್ಳುವುದು ಅದನ್ನೇ.

ಕಾರಣ ಹಲ್ಲಿನ ಲೆಕ್ಕ. ಯುದ್ಧಕಾಲದ ಜೀಪಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಆಮೇಲೆ ಬಂದ ಸಿವಿಲ್ ಜೀಪುಗಳಲ್ಲಿ 8ಕ್ಕೆ 43 ಇರುವುದುಂಟು. ಹಿಂದೆ 43, ಮುಂದೆ 39 ಇದ್ದರೆ ಹಿಂಚಕ್ರ 10 ಸುತ್ತು ತಿರುಗುವಾಗ ಮುಂಚಕ್ರ 11 ಸುತ್ತು ತಿರುಗಲು ನೋಡುತ್ತದೆ. ಟಯರು ಉಜ್ಜುತ್ತದೆ, ಫೋರ್‌ವೀಲ್ ಲಿವರ್ ಕಚ್ಚಿಕೊಳ್ಳುತ್ತದೆ, ಕೊನೆಗೆ ಎಲ್ಲಾದರೂ ಮುರಿಯಲೇಬೇಕು. ನಮ್ಮ ನೆರೆಯ ಕೃಷಿಕರೊಬ್ಬರಿಗೆ ಹೀಗೇ ಆಯಿತು. ಮಾರಿದವರು 'ಎಲ್ಲಾ ಒಂದೇ ಸ್ವಾಮಿ' ಅಂದಿದ್ದರಂತೆ. ಈಗ ಅವರು ಫೋರ್‌ವೀಲ್ ಹಾಕುವ ಹಾಗೇ ಇಲ್ಲ.

ಎಣಿಸಲು ಮೆಕ್ಯಾನಿಕ್ ಬೇಡ. ಗಾಡಿ ಸಮತಟ್ಟಿನಲ್ಲಿರಲಿ. ಉಳಿದ ಮೂರು ಚಕ್ರಕ್ಕೆ ಕಲ್ಲು ಕೊಟ್ಟು, ಒಂದು ಹಿಂಚಕ್ರ ಮಾತ್ರ ಜಾಕಿಯಲ್ಲಿ ಎತ್ತಿ. ಗೇರು ನ್ಯೂಟ್ರಲ್, ಫೋರ್‌ವೀಲ್ ಬಿಟ್ಟಿರಲಿ, ಹ್ಯಾಂಡ್‌ಬ್ರೇಕೂ ಬಿಟ್ಟಿರಲಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ನೋಡಿ. 5ಕ್ಕೆ ಚೂರು ಕಡಿಮೆಯಾದರೆ 39, ಐದೂಕಾಲು ದಾಟಿದರೆ 43. ಮುಂದಿನ ಆಕ್ಸಲನ್ನೂ ಹೀಗೇ ನೋಡಬಹುದು.

ಯುದ್ಧಕಾಲದ ಆಕ್ಸಲಿಗೆ ಇನ್ನೊಂದು ಗುಣ ಇದೆ. ಗಾಡಿಯ ಭಾರವೆಲ್ಲ ಹೌಸಿಂಗಿನ ಮೇಲೆ. ಶಾಫ್ಟಿಗೆ ಚಕ್ರ ತಿರುಗಿಸುವ ಕೆಲಸ ಮಾತ್ರ. ಕಟ್ಟಾದರೂ ಚಕ್ರ ಕಳಚುವುದಿಲ್ಲ. ಚಕ್ರ ಬಿಚ್ಚದೆಯೇ ಶಾಫ್ಟ್ ಎಳೆಯಬಹುದು. ಆಮೇಲಿನ ಹಲವು ಆಕ್ಸಲ್‌ಗಳಲ್ಲಿ ಚಕ್ರ ಕೂತಿರುವುದೇ ಶಾಫ್ಟಿನ ತುದಿಯಲ್ಲಿ. ಇಂಥದ್ದನ್ನು ಬಿಟ್ಟು ಅದನ್ನು ಯಾಕೆ ತರಬೇಕು?

ಆದ್ದರಿಂದ ಮೊದಲು ಹಿಂದಿನ ಮುಚ್ಚಳ ಬಿಚ್ಚಿ ನೋಡಿ. ಶಾಫ್ಟ್ ಮಾತ್ರ ಹೋಗಿದ್ದರೆ ಒಳಗಿನ ಚೂರುಗಳನ್ನೆಲ್ಲ ತೆಗೆದು ಶಾಫ್ಟ್ ಹಾಕಿದರೆ ಸಾಕು. ಹಲ್ಲು ಹೋಗಿದ್ದರೆ ಕ್ರೌನ್-ಪಿನಿಯನ್ ಜೋಡಿಯಾಗಿಯೇ ಬದಲಿಸಿ. ಒಂದು ಹಳತು, ಒಂದು ಹೊಸತು ಬೇಡ. ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಹೊಳೆ ದಾಟುವಾಗ ನೀರು ಹೊಕ್ಕಿದೆ ಎಂದರ್ಥ, ಸೀಲು ಬದಲಿಸಿ. ಹೌಸಿಂಗೇ ಬಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ ಮಾತ್ರ ಬದಲಿ ಹುಡುಕಿ. ಅದೂ ಅದೇ ಹಲ್ಲಿನದ್ದು.

ಹುಡುಕಲು ನಮ್ಮ ಕಡೆಯವರು ಹೋಗುವುದು ಬೆಂಗಳೂರಿಗೇ. ಚಾಮರಾಜಪೇಟೆಯ ಮಗ್ಗುಲಲ್ಲಿರುವ ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳಲ್ಲಿ ಮೋಟಾರು ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ಬರೀ ಬಾಯಿಮಾತಿನಲ್ಲಿ ಕೇಳಬೇಡಿ. ಮುರಿದ ತುಂಡನ್ನು ಗೋಣಿಯಲ್ಲಿ ಕಟ್ಟಿಕೊಂಡು ಹೋಗಿ. ಉದ್ದ, ತುದಿಯ ಗೀರುಗಳನ್ನು ಪಕ್ಕದಲ್ಲಿಟ್ಟು ಎಣಿಸಿಯೇ ದುಡ್ಡು ಕೊಡಿ. 'ಜೀಪಿಂದು ಕೊಡಿ' ಅಂದರೆ ಅವರಿಗೆ ತೋಚಿದ ಜೀಪಿನದ್ದು ಸಿಗುತ್ತದೆ.

ಕೊನೆಗೆ ಪ್ರಾಣದ ಮಾತು. ಈ ಜೀಪಿನ ಹ್ಯಾಂಡ್‌ಬ್ರೇಕು ಚಕ್ರ ಹಿಡಿಯುವುದಲ್ಲ, ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವುದು. ಹಿಂದಿನ ಒಂದು ಶಾಫ್ಟ್ ಕಟ್ಟಾದರೂ ಆ ಬ್ರೇಕು ಗಾಡಿಯನ್ನು ನಿಲ್ಲಿಸುವುದಿಲ್ಲ. ಏರಿನಲ್ಲಿ ಟಕ್ ಎಂದು ಸದ್ದಾಗಿ ಎಳೆತ ನಿಂತರೆ ಕಾಲಿನ ಬ್ರೇಕು ಬಿಡದೆ ಫೋರ್‌ವೀಲ್ ಹಾಕಿ, ಜೊತೆಗಿದ್ದವರಿಂದ ಚಕ್ರಕ್ಕೆ ಕಲ್ಲು ಕೊಡಿಸಿ. ಆಮೇಲೆ ಇಳಿಯಿರಿ. ಮುಂದಿನ ಆಕ್ಸಲ್ ಸರಿ ಇದ್ದರೆ ನಿಧಾನಕ್ಕೆ ಮನೆ ಸೇರಬಹುದು.

ಜೋಂಗಾ, ಶಕ್ತಿಮಾನ್ ಇಟ್ಟುಕೊಂಡವರೂ ತಮ್ಮ ಗಾಡಿಯ ಹಲ್ಲಿನ ಲೆಕ್ಕ ಬರೆದು ತಿಳಿಸಿದರೆ ನಾಲ್ಕು ಜನಕ್ಕೆ ಉಪಕಾರ.