ಇಸ್ಪೀಟಿನ ಪರವಾಗಿ ಒಂದು ವಾದ

ನಮ್ಮ ಜಿಲ್ಲೆಯ ಸುದ್ದಿಪುಟಗಳಲ್ಲಿ ‘ಇಸ್ಪೀಟು’ ಎಂಬ ಶಬ್ದವು ಸಾಮಾನ್ಯವಾಗಿ ಒಂದೇ ಬಗೆಯ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಊರ ಹೊರಗಿನ ಹೊಲದಲ್ಲೋ ಹಾಳುಬಿದ್ದ ಗೋದಾಮಿನಲ್ಲೋ ‘ಅಂದರ್ ಬಾಹರ್’ ಆಡುತ್ತಿದ್ದ ಇಷ್ಟು ಮಂದಿಯ ಬಂಧನ, ಇಷ್ಟು ನಗದು, ಇಷ್ಟು ಮೊಬೈಲು, ಐವತ್ತೆರಡು ಎಲೆಗಳ ಜಪ್ತಿ. ಊರು ಬೀದರ್ ಆಗಲಿ, ಭಾಲ್ಕಿ ಆಗಲಿ, ಔರಾದ್ ಆಗಲಿ, ಹೆಸರು ಬದಲಾಗುವುದೇ ಹೊರತು ವರದಿಯ ಒಕ್ಕಣೆ ಬದಲಾಗುವುದಿಲ್ಲ. ಇದನ್ನೇ ಓದುತ್ತ ಬೆಳೆದ ನಮ್ಮ ಜನರ ಮನಸ್ಸಿನಲ್ಲಿ ಎಲೆಯ ಕಟ್ಟು ಎಂದರೆ ಸಾರಾಯಿ ಸೀಸೆಯ ತಮ್ಮ ಎಂಬ ಭಾವನೆ ಗಟ್ಟಿಯಾಗಿ ಕುಳಿತಿದ್ದರೆ ಆಶ್ಚರ್ಯವೇನಿಲ್ಲ.

ಓದುಗ ಮಿತ್ರರೇ, ಈ ಎಲೆಯ ಕಟ್ಟಿನ ಪರವಾಗಿ ನಾನಿಂದು ವಕಾಲತ್ತು ವಹಿಸಲಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಮೂರೂ ಊರುಗಳಲ್ಲಿ ಗಣಿತ ಕಲಿಸಿದವನು ನಾನು. ಜೂಜಿನಿಂದ ಹೊಲ ಕಳೆದುಕೊಂಡವರ ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದಾರೆ. ಜೂಜಿನ ಕುರಿತು ನನಗೆ ಯಾರೂ ಎಚ್ಚರಿಕೆ ಹೇಳಬೇಕಾಗಿಲ್ಲ.

ಮೊದಲಿಗೆ ಒಂದು ವಿಪರ್ಯಾಸವನ್ನು ನೋಡಿ. 2018-19ನೆಯ ಸಾಲಿನಿಂದ ನಮ್ಮ ರಾಜ್ಯದ ಹತ್ತನೆಯ ತರಗತಿಗೆ ಎನ್‌ಸಿಇಆರ್‌ಟಿಯ ಗಣಿತವೇ ಪಠ್ಯವಾಗಿದೆ. ಅದರಲ್ಲಿ ಸಂಭವನೀಯತೆಯ ಅಧ್ಯಾಯವಿದೆ. ಆ ಅಧ್ಯಾಯದ ಉದಾಹರಣೆಗಳೂ ಅಭ್ಯಾಸಗಳೂ ಐವತ್ತೆರಡು ಎಲೆಗಳ ಕಟ್ಟನ್ನು ಮತ್ತೆ ಮತ್ತೆ ಮಗುವಿನ ಮುಂದಿಡುತ್ತವೆ. ಎಕ್ಕ ಬರುವ ಸಂಭವವೆಷ್ಟು, ಕೆಂಪು ಬಣ್ಣದ ರಾಜ ಬರುವ ಸಂಭವವೆಷ್ಟು, ಚಿತ್ರವಿರುವ ಎಲೆ ಬರುವ ಸಂಭವವೆಷ್ಟು? ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅಂಕ ಬೇಕೆಂದರೆ ಮಗುವಿಗೆ ಇದು ತಿಳಿದಿರಬೇಕು. ಆದರೆ ಅದೇ ಮಗು ಅಂಥ ಒಂದು ಕಟ್ಟನ್ನು ಮುಟ್ಟಿದರೆ ಮನೆಯಲ್ಲಿ ಏಟು, ಶಾಲೆಯಲ್ಲಿ ಛೀಮಾರಿ! ಔರಾದ್ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಈ ಪಾಠ ಮಾಡುತ್ತಿದ್ದಾಗ ಜಾಣೆಯಾದ ಒಬ್ಬ ಹುಡುಗಿ ಎದ್ದುನಿಂತು, “ಸರ್, ಗುಲಾಮ ಅಂದ್ರ ಹ್ಯಾಂಗ ಇರ್ತಾನ್ರಿ? ಎಷ್ಟ್ ಮಂದಿ ಇರ್ತಾರ?” ಎಂದು ಕೇಳಿದಳು. ಹಿಂದಿನ ಬೆಂಚಿನ ಹುಡುಗರು ನಕ್ಕರು. ಅವರಿಗೆ ಗೊತ್ತಿತ್ತು. ವರ್ಷವಿಡೀ ಲೆಕ್ಕದಲ್ಲಿ ಅವಳ ಹತ್ತಿರ ಸುಳಿಯದಿದ್ದ ಹುಡುಗರು ಆ ಒಂದು ಅಧ್ಯಾಯದಲ್ಲಿ ಅವಳನ್ನು ಹಿಂದೆ ಹಾಕಿದರು. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಹಲವು ವರ್ಷ ಕೆಳಗಿನ ಸಾಲಿನಲ್ಲೇ ಉಳಿದದ್ದನ್ನು ಕಂಡು ಮರುಗುವವರು, ಹೆಣ್ಣುಮಕ್ಕಳು ಕಾಣದ ವಸ್ತುವಿನ ಮೇಲೆ ಪ್ರಶ್ನೆ ಕೇಳುವ ಈ ಅನ್ಯಾಯದ ಕುರಿತೂ ಒಂದು ಕ್ಷಣ ಯೋಚಿಸಬೇಕು.

ಮರುದಿನ ನಾನು ಒಂದು ಹೊಸ ಕಟ್ಟನ್ನು ಕೊಂಡು ತರಗತಿಗೆ ಒಯ್ದೆ. ನಾಲ್ಕು ಬಣ್ಣ, ಬಣ್ಣಕ್ಕೆ ಹದಿಮೂರು. ಇಸ್ಪೇಟು, ಆಟೀನು, ಡೈಮನ್ನು, ಕಳಾವರ ಎಂದು ನಾನು ಹೇಳಿದರೆ, ಮರಾಠಿ ಮನೆಯ ಮಕ್ಕಳು ಇಸ್ಪಿಕ್, ಬದಾಮ್, ಚೌಕಟ್, ಕಿಲವರ್ ಎಂದರು. (ಡಚ್ ಭಾಷೆಯಲ್ಲಿ ಈ ಕಳಾವರಕ್ಕೆ ‘ಕ್ಲಾವರ್’ ಎಂದೇ ಹೆಸರು. ಶಬ್ದಗಳು ಎಷ್ಟು ದೂರದಿಂದ ನಡೆದುಬಂದಿವೆ ನೋಡಿ.) ಇಡೀ ಅಧ್ಯಾಯ ಮೂರು ದಿನಗಳಲ್ಲಿ ಮುಗಿಯಿತು. ನಾಲ್ಕನೆಯ ದಿನ ಮೇಲಿನವರಿಂದ ನನಗೊಂದು ಕಾರಣ ಕೇಳುವ ಪತ್ರ ಬಂದಿತು, ‘ಶಾಲೆಯ ಆವರಣದಲ್ಲಿ ಇಸ್ಪೀಟು ಆಡಿಸಿದ’ ಬಗ್ಗೆ. ಯಾವ ಶಾಲೆ, ಯಾರ ಪತ್ರ ಎಂಬುದು ಇಲ್ಲಿ ಬೇಡ. ಪಠ್ಯಪುಸ್ತಕದ ಪುಟಸಂಖ್ಯೆಯನ್ನು ಬರೆದು ಉತ್ತರಿಸಿದೆ. ಅದಕ್ಕೆ ಮರುಪತ್ರ ಬರಲಿಲ್ಲ.

ಆ ತರಗತಿಯಲ್ಲಿ ಜೂಜಿನ ವಿರುದ್ಧ ನಾನು ಮಾಡಿದ ಪಾಠದಷ್ಟು ಗಟ್ಟಿಯಾದ ಪಾಠವನ್ನು ಯಾವ ಪ್ರವಚನಕಾರರೂ ಮಾಡಿರಲಾರರು. ನಮ್ಮ ಕಡೆ ‘ತೀನ್ ಪತ್ತಿ’ ಎನ್ನುವ ಮೂರೆಲೆಯ ಆಟವನ್ನೇ ತೆಗೆದುಕೊಳ್ಳಿ. ಐವತ್ತೆರಡರಲ್ಲಿ ಮೂರು ಎಲೆಗಳನ್ನು ಆರಿಸುವ ವಿಧಾನಗಳು ಒಟ್ಟು 22,100. ಇವುಗಳಲ್ಲಿ ಮೂರು ಎಕ್ಕ, ಮೂರು ರಾಜ ಎಂಬಂತೆ ಮೂರೂ ಒಂದೇ ಆಗಿ ಬರುವುದು 52 ಮಾತ್ರ, ಅಂದರೆ 425ಕ್ಕೆ ಒಂದು. ಒಂದು ಜೋಡಿ ಬರುವುದು 3,744. ಜೋಡಿಯೂ ಇಲ್ಲದ, ಸಾಲೂ ಇಲ್ಲದ, ಒಂದೇ ಬಣ್ಣವೂ ಅಲ್ಲದ ಬರಿಗೈ 16,440. ನೂರು ಸಲ ಎಲೆ ಎತ್ತಿದರೆ ಹೆಚ್ಚುಕಡಿಮೆ ಎಪ್ಪತ್ನಾಲ್ಕು ಸಲ ಕೈಯಲ್ಲಿ ಏನೂ ಇರುವುದಿಲ್ಲ! ಮಕ್ಕಳು ಸರದಿಯಂತೆ ಎಲೆ ಎತ್ತಿ, ಕರಿಹಲಗೆಯ ಮೇಲೆ ಗೆರೆ ಎಳೆಯುತ್ತ ಎಣಿಸಿದರು. ಬರಿಗೈಯ ಗೆರೆಗಳು ಹಲಗೆಯ ಅಂಚಿನವರೆಗೂ ಓಡಿದವು. “ಮತ್ತ ನಮ್ಮ ಕಾಕಾ ಯಾಕ ಆಡ್ತಾನ್ರಿ ಸರ್?” ಎಂದು ಒಬ್ಬ ಹುಡುಗ ಕೇಳಿದ. ಅವನ ಕಾಕಾನಿಗೆ ಈ ಲೆಕ್ಕವನ್ನು ಯಾರೂ ತೋರಿಸಿರಲಿಲ್ಲ. ಎಲೆಯನ್ನು ಮುಚ್ಚಿಟ್ಟರೆ ಜೂಜು ನಿಲ್ಲುತ್ತದೆ ಎನ್ನುವವರು ಈ ಪ್ರಶ್ನೆಗೆ ಉತ್ತರಿಸಲಿ.

ಧರ್ಮರಾಯನ ಹೆಸರು ತಂದು ನನ್ನ ಬಾಯಿ ಮುಚ್ಚಿಸಲು ಬರುವವರೂ ಇದ್ದಾರೆ. ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣವಿಟ್ಟು ಸೋತವನನ್ನು ನೋಡಿಯಾದರೂ ಬುದ್ಧಿ ಕಲಿಯಬಾರದೇ ಎನ್ನುತ್ತಾರೆ. ಸಭಾಪರ್ವದವರೆಗೆ ಓದಿದ ಇವರು ವನಪರ್ವವನ್ನೂ ಓದಬೇಕಿತ್ತು. ಸೋತು ಕಾಡಿನಲ್ಲಿ ಕುಳಿತ ಧರ್ಮರಾಯನಿಗೆ ಬೃಹದಶ್ವ ಋಷಿ ನಳನ ಕಥೆ ಹೇಳುತ್ತಾನೆ. ಆ ಕಥೆಯಲ್ಲಿ ಋತುಪರ್ಣ ರಾಜನು ಒಂದು ತಾರೆಮರದ ಎಲೆ, ಕಾಯಿಗಳ ಸಂಖ್ಯೆಯನ್ನು ನಿಂತಲ್ಲೇ ಲೆಕ್ಕಹಾಕಿ ಹೇಳುತ್ತಾನೆ. ನಳನಿಗೆ ‘ಅಕ್ಷಹೃದಯ’ವೆಂಬ ವಿದ್ಯೆಯನ್ನು ಕಲಿಸುತ್ತಾನೆ. ಕಥೆ ಮುಗಿದ ಮೇಲೆ ಬೃಹದಶ್ವನು ಅದೇ ಅಕ್ಷಹೃದಯವನ್ನು ಧರ್ಮರಾಯನಿಗೂ ಬೋಧಿಸುತ್ತಾನೆ. ದಾಳಗಳನ್ನು ಸುಟ್ಟುಹಾಕೆಂದು ಅವನು ಹೇಳಲಿಲ್ಲ. ಮುಂದೆ ವಿರಾಟನ ಆಸ್ಥಾನದಲ್ಲಿ ಧರ್ಮರಾಯನು ಕಂಕಭಟ್ಟನಾಗಿ ಬದುಕಿದ್ದು ಇದೇ ವಿದ್ಯೆಯ ಬಲದಿಂದ. ಗಣಿತದ ಮಾಸ್ತರನಾದ ನನಗಂತೂ ಮಹಾಭಾರತದಲ್ಲಿ ಇದಕ್ಕಿಂತ ಪ್ರಿಯವಾದ ಭಾಗವಿಲ್ಲ.

ಎಲೆಯಾಟವು ಪರಕೀಯರ ದುಶ್ಚಟವೆಂಬ ಮಾತೂ ಕೇಳಿಬರುತ್ತದೆ. ಇದು ಹೊರಗಿನಿಂದ ಬಂದದ್ದು ನಿಜ. 1527ರಲ್ಲಿ ಬಾಬರನು ಸಿಂಧ್ ಪ್ರಾಂತದ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದನೆಂಬ ದಾಖಲೆಯಿದೆ. ಆದರೆ ಬಂದದ್ದನ್ನು ನಮ್ಮವರು ಏನು ಮಾಡಿಕೊಂಡರೆಂದು ನೋಡಬೇಡವೇ? ಎಂಟು ಬಣ್ಣಗಳ 96 ಎಲೆಗಳ ಆಟವನ್ನು ಹತ್ತು ಬಣ್ಣಗಳ 120 ಎಲೆಗಳ ದಶಾವತಾರ ಗಂಜೀಫಾ ಮಾಡಿದರು. ಮತ್ಸ್ಯನಿಂದ ಕಲ್ಕಿಯವರೆಗೆ ಅವತಾರಕ್ಕೊಂದು ಬಣ್ಣ, ಪ್ರತಿ ಬಣ್ಣಕ್ಕೂ ರಾಜ, ಮಂತ್ರಿ. ಐದು ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದೈದರಲ್ಲಿ ಒಂದು ದೊಡ್ಡದು; ನೆನಪಿನ ಶಕ್ತಿಗೆ ಇದಕ್ಕಿಂತ ಸಾಣೆ ಬೇಕೇ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಹದಿಮೂರು ಬಗೆಯ ಎಲೆಯಾಟಗಳನ್ನು ವಿವರಿಸಿದರು. ಮೈಸೂರು ದೂರವಾಯಿತೆನ್ನುವವರಿಗೆ ನಮ್ಮ ಪಕ್ಕದ ತೆಲಂಗಾಣದ ನಿರ್ಮಲ್ ಇದೆ. ಅಲ್ಲಿನ ಚಿತ್ರಕಾರರೂ ಒಂದು ಕಾಲಕ್ಕೆ ಗಂಜೀಫಾ ಬರೆಯುತ್ತಿದ್ದರು.

ಇನ್ನು ಕಾನೂನು. ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆಯಿಂದ ಮನೆಯ ಪಡಸಾಲೆಯಲ್ಲಿ ಮೊಮ್ಮಕ್ಕಳೊಡನೆ ಎಲೆ ಹರವಲು ಅಂಜುವ ಹಿರಿಯರನ್ನು ಭಾಲ್ಕಿಯಲ್ಲಿ ಕಂಡಿದ್ದೇನೆ. 1963ರ ನಮ್ಮ ಪೊಲೀಸ್ ಕಾಯ್ದೆ ದಂಡಿಸುವುದು ಪಣ ಕಟ್ಟಿ ಆಡುವುದನ್ನು. ಪಣವಿಲ್ಲದ ಆಟಕ್ಕೂ ಅದಕ್ಕೂ ಸಂಬಂಧವಿಲ್ಲ. 1967ರ ನವೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಅದು ಹೈದರಾಬಾದ್ ಸಂಸ್ಥಾನದ ಕಾಲದ ಜೂಜು ಕಾಯ್ದೆಯಡಿ ಹೂಡಿದ ಮೊಕದ್ದಮೆ. ನಾವು ಬೀದರಿನವರೂ 1956ರವರೆಗೆ ಹೈದರಾಬಾದ್ ರಾಜ್ಯದವರೇ ಆಗಿದ್ದೆವಲ್ಲ! ರಮ್ಮಿಯು ಮೂರೆಲೆಯ ಆಟದಂತೆ ಕೇವಲ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳ ನೆನಪು, ಇಟ್ಟುಕೊಳ್ಳುವ ಬಿಟ್ಟುಕೊಡುವ ಜಾಣ್ಮೆ ಅದಕ್ಕೆ ಬೇಕು, ಅದು ಮುಖ್ಯವಾಗಿ ಕೌಶಲದ ಆಟ ಎಂದು ನ್ಯಾಯಾಲಯ ಹೇಳಿತು. ಆಟದಿಂದ ಕ್ಲಬ್ಬಿನವರು ಲಾಭ ಹೊಡೆಯುತ್ತಿದ್ದರೆ ಮಾತ್ರ ಅಪರಾಧವಾದೀತೆಂದೂ ಎಚ್ಚರಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟವು ಕೌಶಲದ್ದಿರಲಿ ಅದೃಷ್ಟದ್ದಿರಲಿ ಅದಕ್ಕೆ ನಿಷೇಧ. ಅಂದರೆ ಬೆರಳು ತೋರಿಸಿದ್ದು ಹಣದ ಕಡೆಗೆ. ಅದಕ್ಕೂ ಮೊದಲಿನ ಕೆಲವು ವರ್ಷ ನಮ್ಮ ಹುಡುಗರು ಮೊಬೈಲಿನ ರಮ್ಮಿಯಲ್ಲಿ ಕಳೆದುಕೊಂಡ ದುಡ್ಡನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಎಲೆಯನ್ನು ನಿಷೇಧಿಸಿದ ತಂದೆತಾಯಂದಿರ ಮಕ್ಕಳೇ ಕೋಣೆಯ ಬಾಗಿಲು ಹಾಕಿಕೊಂಡು ಅಪರಿಚಿತರೊಡನೆ ಆಡಿದರು. ಎದುರಿಗೆ ಕುಳಿತು, ಸಾಕಪ್ಪ, ಏಳು, ಊಟಕ್ಕೆ ಹೊತ್ತಾಯಿತು ಎನ್ನುವ ಒಬ್ಬ ಮನುಷ್ಯ ಅಲ್ಲಿರಲಿಲ್ಲ.

ಭಾಲ್ಕಿಯಲ್ಲಿದ್ದ ನನ್ನ ಸೋದರತ್ತೆ ಶಾಲೆಯ ಮುಖ ಕಂಡವರಲ್ಲ. ಗಂಡನನ್ನು ಬೇಗ ಕಳೆದುಕೊಂಡವರು. ನಡುಮನೆಯಲ್ಲಿ ಮೊಮ್ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಅವರು ಆಡಿಸುತ್ತಿದ್ದ ಆಟಗಳ ಪಟ್ಟಿ ದೊಡ್ಡದು. ಚಿಕ್ಕವರಿಗೆ ಗುಲಾಮಚೋರ್: ಒಬ್ಬ ಗುಲಾಮನನ್ನು ಕಟ್ಟಿನಿಂದ ತೆಗೆದಿಟ್ಟು ಜೋಡಿ ಹಾಕುತ್ತ ಹೋಗುವುದು, ಕೊನೆಗೆ ಒಂಟಿ ಗುಲಾಮ ಉಳಿದವನು ಕಳ್ಳ. ಅಂಕಿ ಗುರುತಿಸಲು ಬಾರದ ಮಗು ಒಂದು ವಾರದಲ್ಲಿ ಹತ್ತರವರೆಗೆ ಕಲಿಯುತ್ತಿತ್ತು. ಸ್ವಲ್ಪ ದೊಡ್ಡವರಿಗೆ ಬದಾಮ್ ಸಾತ್. ಆಮೇಲೆ ಮೂರು ಮಂದಿಯ ತೀನ್-ದೋ-ಪಾಂಚ್. ಅದಕ್ಕೆ ಮೂವತ್ತೇ ಎಲೆ. ಒಬ್ಬನು ಐದು ಹಾತು ಮಾಡಬೇಕು, ಒಬ್ಬನು ಮೂರು, ಒಬ್ಬನು ಎರಡು. ಕಡಿಮೆ ಮಾಡಿದವನು ಮುಂದಿನ ಆಟದಲ್ಲಿ ಹೆಚ್ಚು ಮಾಡಿದವನಿಗೆ ಎಲೆ ತೆರಬೇಕು. ಸಾಲವೆಂದರೇನು, ತೀರಿಸುವುದೆಂದರೇನು ಎಂಬುದನ್ನು ನನ್ನ ಅಣ್ಣನ ಮಕ್ಕಳು ಬ್ಯಾಂಕಿನಿಂದ ಕಲಿತದ್ದಲ್ಲ. ನಾಲ್ವರಾದರೆ ಮೇಂಡಿಕೋಟ್. ಎದುರಿಗೆ ಕುಳಿತ ಜೊತೆಗಾರನಿಗೆ ಸನ್ನೆ ಮಾಡುವಂತಿಲ್ಲ. ಅವನು ಹಾಕಿದ ಎಲೆಯಿಂದಲೇ ಅವನ ಮನಸ್ಸನ್ನು ಓದಬೇಕು. “ಸಿಟ್ಟಿಗೆ ಬಂದ್ ಎಲಿ ಒಗದವ್ನು ಸೋತಂಗೇ ಖರೆ” ಎನ್ನುತ್ತಿದ್ದರು ಅತ್ತೆ. ಪಣವೇನಿದ್ದರೂ ಹುರಿದ ಶೇಂಗಾ, ಅದೂ ಆಟ ಮುಗಿಯುವಷ್ಟರಲ್ಲಿ ಖಾಲಿ. ಎಂಬತ್ತು ದಾಟಿದ ಮೇಲೂ ಯಾವ ಬಣ್ಣದ ಎಷ್ಟು ಎಲೆ ಬಿದ್ದಿವೆ ಎಂಬುದು ಅವರಿಗೆ ಕಂಠಪಾಠವಾಗಿರುತ್ತಿತ್ತು.

ಒಬ್ಬ ಅತ್ತೆಯ ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದೆಂಬುದು ನನಗೂ ಗೊತ್ತು. 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ, 75 ದಾಟಿದ 469 ಹಿರಿಯರನ್ನು ಸುಮಾರು ಐದು ವರ್ಷ ಗಮನಿಸಿದರು. ಅವರಲ್ಲಿ 124 ಮಂದಿಗೆ ಮರೆಗುಳಿತನದ ಕಾಯಿಲೆ ಬಂದಿತು. ಓದುವುದು, ವಾದ್ಯ ನುಡಿಸುವುದು, ಮಣೆಯಾಟ ಅಥವಾ ಎಲೆಯಾಟಗಳಲ್ಲಿ ತೊಡಗುವುದು ಇವುಗಳ ರೂಢಿ ಇದ್ದವರಲ್ಲಿ ಅದರ ಸಂಭವ ಕಡಿಮೆ ಕಂಡಿತು. ಆಟವೇ ಕಾಯಿಲೆಯನ್ನು ತಡೆಯಿತೋ, ಬುದ್ಧಿ ಚುರುಕಾಗಿದ್ದವರೇ ಆಟವಾಡುತ್ತಿದ್ದರೋ ಎಂಬ ಪ್ರಶ್ನೆ ಇದರಿಂದ ಪೂರ್ತಿ ಬಗೆಹರಿಯುವುದಿಲ್ಲ. ಬಗೆಹರಿಯುವವರೆಗೆ ನಮ್ಮ ಹಿರಿಯರು ಗೋಡೆ ನೋಡುತ್ತ ಕೂಡಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಬೀದರಿನಲ್ಲಿ ಮಕ್ಕಳು ಹೈದರಾಬಾದಿಗೋ ಪುಣೆಗೋ ಹೋಗಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ದಂಪತಿಗಳು ಎಷ್ಟಿಲ್ಲ? ಟಿವಿಯ ಮುಂದೆ ಇಬ್ಬರೂ ಕುಳಿತಿರುತ್ತಾರೆ, ಮಾತಿಲ್ಲ. ಎಲೆ ಹಿಡಿದು ಕುಳಿತರೆ ಜಗಳವಾದರೂ ಆದೀತು!

ಹೀಗೆಂದು ನಾನೂ ನಾಲ್ಕಾರು ಗೆಳೆಯರೂ ಭಾನುವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ನಡೆಯುತ್ತದೆ. ಹಣ ನಡೆಯುವುದಿಲ್ಲ. ಹೆಂಗಸರು ಮೊದಮೊದಲು ಚಹಾ ಕೊಟ್ಟು ಒಳಗೆ ಹೋಗುತ್ತಿದ್ದರು. ಈಗ ಮೇಂಡಿಕೋಟಿನಲ್ಲಿ ನಮ್ಮನ್ನು ಸೋಲಿಸುತ್ತಿದ್ದಾರೆ, ಚಹಾ ನಾವೇ ಮಾಡುತ್ತೇವೆ.

ಶಿಕ್ಷಣ ಇಲಾಖೆಗೆ ನನ್ನ ಬೇಡಿಕೆ ಒಂದೇ. ಇಸ್ಪೀಟಿನ ಲೆಕ್ಕವನ್ನು ಪಠ್ಯದಲ್ಲಿ ಇಡುವುದಾದರೆ ಪ್ರತಿ ಪ್ರೌಢಶಾಲೆಯ ಗಣಿತದ ಸಾಮಗ್ರಿಯೊಡನೆ ಕಂಪಾಸು, ಕೋನಮಾಪಕಗಳ ಪಕ್ಕದಲ್ಲಿ ಒಂದು ಕಟ್ಟು ಎಲೆಯನ್ನೂ ಇಡಿ, ಅದನ್ನು ಮಕ್ಕಳ ಕೈಗೆ ಕೊಡಲು ಶಿಕ್ಷಕರಿಗೆ ಲಿಖಿತ ಅನುಮತಿ ನೀಡಿ. ಅಷ್ಟರವರೆಗೆ ಕಟ್ಟು ಬೇಕಾದ ಶಿಕ್ಷಕ ಮಿತ್ರರು ನನಗೆ ತಿಳಿಸಿದರೆ ನಾನೇ ತಂದುಕೊಡುತ್ತೇನೆ. ಔರಾದ್ ತಾಲ್ಲೂಕಿನ ಎರಡು ಶಾಲೆಗಳಿಗೆ ಈಗಾಗಲೇ ಕೊಟ್ಟಿದ್ದೇನೆ. ಜೋಕರುಗಳನ್ನು ತೆಗೆದಿಟ್ಟುಕೊಂಡೇ ಕೊಟ್ಟಿದ್ದೇನೆ, ಪಠ್ಯದ ಲೆಕ್ಕ ಐವತ್ತೆರಡಕ್ಕೆ ಸರಿಹೋಗಬೇಕಲ್ಲ.