ಬರದ ಸೀಮೆಯಲ್ಲಿ ನೆರೆಯ ಚಿಂತೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಬರಗಾಲವೇ ಹೊರತು ನೆರೆಯಲ್ಲ. ಮಳೆ ಕಡಿಮೆಯಾದ ಸೀಮೆಯಲ್ಲಿ ಪ್ರವಾಹದ ಮಾತೇಕೆ ಎಂದು ವಾಚಕರು ಕೇಳಬಹುದು. ಮಳೆ ಕಡಿಮೆಯಾದುದರಿಂದಲೇ ಆ ಮಾತು ಇಲ್ಲಿ ಹೆಚ್ಚು ಅಗತ್ಯವೆಂಬುದು ನಮ್ಮ ಅಭಿಪ್ರಾಯ. ವರ್ಷವರ್ಷವೂ ಹೊಳೆ ಉಕ್ಕುವ ಊರಿನಲ್ಲಿ ನೀರು ಎಲ್ಲಿಯವರೆಗೆ ಏರುವುದೆಂಬುದನ್ನು ಮಕ್ಕಳೂ ಬಲ್ಲರು. ಹಳ್ಳವು ಇಪ್ಪತ್ತು ವರ್ಷ ಒಣಗಿರುವ ಊರಿನಲ್ಲಾದರೋ ಅದರ ಪಾತ್ರದಲ್ಲಿಯೇ ಹೊಲ ಮನೆಗಳು ಏಳುತ್ತವೆ; ನೀರಿನ ನೆನಪು ಅಳಿಯುತ್ತದೆ.

ವಾಣಿವಿಲಾಸ ಸಾಗರದ ಚರಿತ್ರೆಯೇ ಇದಕ್ಕೆ ನಿದರ್ಶನ. ವೇದಾವತಿ ನದಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ಅದು ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ., ಎಂದರೆ 85 ಕೋಟಿ ಘನ ಮೀಟರು. ನೀರಿನ ಮಟ್ಟ 130 ಅಡಿ ದಾಟಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಕೋಡಿ ಬಿದ್ದ ಸಾಗರವು ಮತ್ತೆ ಕೋಡಿ ಬಿದ್ದುದು 2022ರಲ್ಲಿ, 89 ವರ್ಷಗಳ ತರುವಾಯ. ಜನರ ಹರ್ಷಕ್ಕೆ ಪಾರವಿರಲಿಲ್ಲ. ಆದರೆ ಅದೇ ದಿನಗಳಲ್ಲಿ ಹೊಸದುರ್ಗದ ಕಡೆ ಹಿನ್ನೀರು ಜಮೀನುಗಳಿಗೆ ನುಗ್ಗಿತು. ಹಿರಿಯೂರಿನ ಕಡೆ ನದೀತೀರದ ತಗ್ಗು ಪ್ರದೇಶಗಳು ಜಲಾವೃತವಾದವು. 1933ರ ನೀರು ಎಲ್ಲಿ ನಿಂತಿತ್ತೆಂದು ಕೈತೋರಿಸಿ ಹೇಳಬಲ್ಲವರು ಆ ವೇಳೆಗೆ ಎಷ್ಟು ಮಂದಿ ಉಳಿದಿದ್ದಾರು?

ಹಾಗಾದರೆ ಇನ್ನು 89 ವರ್ಷ ನಿಶ್ಚಿಂತೆಯೆ? 2025ರ ಜನವರಿಯಲ್ಲಿಯೇ ಸಾಗರವು ಮತ್ತೊಮ್ಮೆ ಕೋಡಿ ಬಿದ್ದಿತು. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂಬ ಮಾತಿನ ಅರ್ಥ, ಒಮ್ಮೆ ಬಂದ ಮೇಲೆ ನೂರು ವರ್ಷ ಬಾರದೆಂದಲ್ಲ. ಪ್ರತಿವರ್ಷವೂ ಅದು ಬರುವ ಸಂಭವವು ನೂರಕ್ಕೆ ಒಂದು ಎಂದು. ಈ ಲೆಕ್ಕದಂತೆ 30 ವರ್ಷಗಳೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಂಭವವು ನೂರಕ್ಕೆ 26. ಮನೆ ಕಟ್ಟುವವನು ಅಲ್ಲಗಳೆಯಬಹುದಾದ ಅಂಕವಲ್ಲ ಇದು.

ದೊಡ್ಡ ಅಣೆಕಟ್ಟಿನ ಮಾತು ಹಾಗಿರಲಿ, ಊರ ಕೆರೆಯ ಲೆಕ್ಕವನ್ನೂ ನೋಡೋಣ. 10 ಚದರ ಕಿಲೋಮೀಟರ್ ನೆಲದ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು 10 ಲಕ್ಷ ಟನ್ನು. ಬಂಡೆಯ ಗುಡ್ಡ, ಗಟ್ಟಿಗೊಂಡ ನೆಲ ಇರುವೆಡೆಯಲ್ಲಿ ಅದರ ಬಹುಭಾಗ ಇಂಗದೆ ಹರಿದುಬರುತ್ತದೆ. ನಮ್ಮ ಕೆರೆಗಳು ಸರಪಳಿಯಂತೆ ಒಂದರ ಕೆಳಗೊಂದು ಇವೆ. ಮೇಲಿನ ಏರಿ ಒಡೆದರೆ ಕೆಳಗಿನ ಕೆರೆ ಎರಡರ ನೀರನ್ನೂ ತಾಳಬೇಕು. ಹರಿವಿನ ವೇಗ ಎರಡರಷ್ಟಾದರೆ ಅದರ ನೂಕುವ ಬಲ ನಾಲ್ಕರಷ್ಟಾಗುತ್ತದೆ. ಮೊಣಕಾಲುದ್ದದ ನೀರೆಂದು ಹಳ್ಳಕ್ಕೆ ಇಳಿದವರು ಕೊಚ್ಚಿಹೋಗುವುದು ಈ ಕಾರಣದಿಂದಲೇ.

ಇದೆಲ್ಲ ಎಂಜಿನಿಯರುಗಳ ಕೆಲಸವಲ್ಲವೆ ಎಂದು ಕೆಲವರು ಹೇಳುವರು. ಅವರ ಕೆಲಸ ಅವರಿಗೆ ಇದ್ದೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ಮಳೆಮಾಪಕಗಳನ್ನು ನೆಟ್ಟಿದೆ. ಆದರೆ ‘ನಾಳೆ 100 ಮಿಲಿಮೀಟರ್ ಮಳೆ’ ಎಂಬ ಎಚ್ಚರಿಕೆಯು ಊರಿಗೆ ತಲಪಿದಾಗ, ಅಷ್ಟು ಮಳೆಗೆ ಯಾವ ಕೋಡಿ ಹರಿಯುವುದು, ಯಾವ ದಾರಿ ಮೊದಲು ಮುಳುಗುವುದು ಎಂಬುದನ್ನು ಊರವರು ಅರಿಯದಿದ್ದರೆ ಆ ಅಂಕದಿಂದ ಪ್ರಯೋಜನವೇನು? ಅಂಕವನ್ನು ಅಳೆಯುವುದು ಕೇಂದ್ರದ ಕೆಲಸ. ಅದಕ್ಕೆ ಅರ್ಥ ತುಂಬುವುದು ಊರಿನ ಕೆಲಸ.

ಈ ಕೆಲಸಕ್ಕೆ ವಿದ್ಯಾರ್ಥಿಗಳೇ ಮುಂದಾಗಬೇಕೆಂದು ನಾವು ಬಯಸುತ್ತೇವೆ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು, ನಿತ್ಯವೂ ನಿಂತ ನೀರನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿರಿ. ಊರಿನ ಕೆರೆ, ತೂಬು, ಕೋಡಿ, ಹಳ್ಳಗಳ ನಕ್ಷೆ ಬರೆಯಿರಿ. ಏರಿಯಲ್ಲಿ ಬಿರುಕು ಜಿನುಗು ಕಂಡರೆ ಪಂಚಾಯಿತಿಗೆ ತಿಳಿಸಿರಿ. 2022ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿ, ಅಲ್ಲಿ ಕಲ್ಲಿನ ಮೇಲೆ ಗೆರೆ ಎಳೆದು ಇಸವಿಯನ್ನು ಬರೆಯಿರಿ. ಆ ನಕ್ಷೆಯನ್ನು ಗ್ರಾಮಸಭೆಯ ಮುಂದಿಟ್ಟು, ವೃದ್ಧರನ್ನೂ ರೋಗಿಗಳನ್ನೂ ದನಕರುಗಳನ್ನೂ ಯಾವ ಎತ್ತರಕ್ಕೆ, ಯಾವ ದಾರಿಯಿಂದ ಸಾಗಿಸಬೇಕೆಂಬುದನ್ನು ಬೇಸಗೆಯಲ್ಲಿಯೇ ನಿಶ್ಚಯಿಸುವಂತೆ ಮಾಡಿರಿ.

ಇದಕ್ಕೆ ದುಬಾರಿ ಉಪಕರಣವೇನೂ ಬೇಡ. ಮುಂದಿನ ನೆರೆ ಯಾವಾಗ ಬರುವುದೆಂದು ಯಾರೂ ಹೇಳಲಾರರು. ಎಲ್ಲಿಗೆ ಬರುವುದೆಂಬುದನ್ನಾದರೋ ಊರಿಗೆ ಊರೇ ಮುಂಚಿತವಾಗಿ ತಿಳಿದಿರಬಹುದು, ತಿಳಿದಿರಲೇಬೇಕು.