ಗರಿಷ್ಠ ವೇತನವೂ ಸರಾಸರಿ ದರವೂ

ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಬರುವ ಜೂನ್ ತಿಂಗಳು ಕಾಲೇಜು ಪ್ರವೇಶದ ತಿಂಗಳೂ ಹೌದು. ಪತ್ರಿಕೆಯ ಮುಖಪುಟವನ್ನೇ ಆವರಿಸಿಕೊಂಡು ಖಾಸಗಿ ವಿಶ್ವವಿದ್ಯಾಲಯಗಳು ನಮ್ಮ ಕುಟುಂಬಗಳನ್ನು ಕರೆಯುತ್ತವೆ: ಜಾಗತಿಕ ಮಟ್ಟ, ಉದ್ಯಮಕ್ಕೆ ಒಪ್ಪುವ ಪಠ್ಯ, ನೂರಕ್ಕೆ ನೂರು ಉದ್ಯೋಗ ನೆರವು. ಇವುಗಳಲ್ಲಿ ಸುಳ್ಳೆಂದು ತೋರಿಸಿಕೊಡಬಹುದಾದ ಮಾತು ವಿರಳ. ತೊಡಕಿರುವುದೇ ಅಲ್ಲಿ. ಅವರು ಕೊಡುವೆವೆನ್ನುವುದು ಉದ್ಯೋಗವನ್ನಲ್ಲ, ನೆರವನ್ನು. ತಂದೆತಾಯಿಗಳ ಕಣ್ಣು ಮಾತ್ರ ‘ನೂರಕ್ಕೆ ನೂರು ಉದ್ಯೋಗ’ ಎಂಬಲ್ಲಿಗೇ ನಿಂತುಬಿಡುತ್ತದೆ.

ವಿಶ್ವವಿದ್ಯಾಲಯವೆಂಬ ಹೆಸರೂ ಇಂದು ಒಂದು ಬಗೆಯ ಸರಕು. ಲ್ಯಾಟಿನ್ನಿನ ‘ಯೂನಿವರ್ಸಿತಾಸ್’ ಎಂದರೆ ಮೊದಲಿಗೆ ಗುರುಶಿಷ್ಯರ ಕೂಟವೆಂದಷ್ಟೇ ಅರ್ಥ. ವಿಶ್ವದ ಗಾತ್ರ ಅದಕ್ಕಿರಲಿಲ್ಲ. ಕೇಂದ್ರದ ಅಥವಾ ರಾಜ್ಯದ ಶಾಸನದಿಂದ ಸ್ಥಾಪಿತವಾಗದ ಸಂಸ್ಥೆ ‘ಯೂನಿವರ್ಸಿಟಿ’ ಎಂಬ ಪದವನ್ನು ಹೆಸರಿನಲ್ಲಿ ಬಳಸಕೂಡದೆಂದು 1956ರ ಯುಜಿಸಿ ಕಾಯಿದೆಯ 23ನೆಯ ಪ್ರಕರಣ ಹೇಳುತ್ತದೆ. ಆದರೂ ಪರಿಗಣಿತ ಸಂಸ್ಥೆಗಳನೇಕವು ಆ ಪದವನ್ನು ಧರಿಸಿಕೊಂಡೇ ಬಂದವು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಯುಜಿಸಿ ಅದನ್ನು ತಡೆದಾಗ, ಸಿಎಂಐ ಸಭೆಯ ಗುರುಗಳು ನಡೆಸುವ ಬೆಂಗಳೂರಿನ ಕ್ರೈಸ್ಟ್ ಸಂಸ್ಥೆಯೂ ತನ್ನ ಹೆಸರಿಗೆ ‘ಡೀಮ್ಡ್ ಟು ಬಿ’ ಎಂಬ ಪದಗಳನ್ನು ಸೇರಿಸಿಕೊಳ್ಳಬೇಕಾಯಿತು. ಹೆಸರು ಬದಲಾದರೂ ಪಾಠ, ಪರೀಕ್ಷೆ, ಪದವಿಗಳು ನಡೆದೇ ಇದ್ದವು. ಫಲಕಕ್ಕೂ ಪಾಠಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಡ.

ಎಲ್ಲಕ್ಕಿಂತ ಹೆಚ್ಚು ಮರುಳುಗೊಳಿಸುವುದು ‘ಗರಿಷ್ಠ ವೇತನ’. ಒಬ್ಬನಿಗೆ ಸಲ್ಲುವ ಮಾತನ್ನು ಎಲ್ಲರಿಗೂ ಸಲ್ಲಿಸುವುದು ದೋಷವೆಂದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಹಾರನಹಳ್ಳಿಯ ಸುತ್ತಲಿನ ಹೊಗೆಸೊಪ್ಪಿನ ಬೆಳೆಗಾರನಿಗೆ ಆ ಪಾಠವೂ ಬೇಕಿಲ್ಲ. ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಯಾರದೋ ಒಂದು ಬೇಲಿಗೆ ಗರಿಷ್ಠ ದರ ಬಂತೆಂದು ಅವನು ಹಿಗ್ಗುವುದಿಲ್ಲ. ಸರಾಸರಿ ಎಷ್ಟು, ಕೊಳ್ಳುವವರಿಲ್ಲದೆ ಮರಳಿದ ಬೇಲುಗಳೆಷ್ಟು ಎಂದು ಕೇಳುತ್ತಾನೆ. ಅದೇ ರೈತ ಮಗಳ ಪ್ರವೇಶಕ್ಕೆಂದು ನಗರಕ್ಕೆ ಹೋದಾಗ, ಹೊಳಪು ಕಾಗದದ ಮೇಲೆ ಅಚ್ಚಾದ ಒಬ್ಬ ವಿದ್ಯಾರ್ಥಿಯ ಲಕ್ಷಗಳನ್ನು ಕಂಡು ಸುಮ್ಮನಾಗುತ್ತಾನೆ. ಇಂಗ್ಲಿಷಿನ ಎದುರು ಮೂಡುವ ಸಂಕೋಚವೂ ಇದಕ್ಕೆ ಕಾರಣವಿರಬೇಕೆಂದು ನಮ್ಮ ಅನಿಸಿಕೆ.

ಉದ್ಯೋಗ ಪಡೆದವರ ಲೆಕ್ಕ ಕೊಡುವ ಜಾಹೀರಾತು ಆ ತರಗತಿಯಿಂದ ಹೊರಬಂದವರ ಒಟ್ಟು ಲೆಕ್ಕವನ್ನೂ ಕೊಡಬೇಕೆಂಬುದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ ಸೂತ್ರ. ಅದು ಜಾಹೀರಾತು ವಲಯ ತನಗೆ ತಾನೇ ಹಾಕಿಕೊಂಡ ಗೆರೆ. ದಾಟಿದವರಿಗೆ ದಂಡ ವಿಧಿಸುವ ಅಧಿಕಾರ ಆ ಮಂಡಳಿಗಿಲ್ಲ.

ಶುಲ್ಕ ಕಟ್ಟುವ ಹೊತ್ತಿಗೆ ಹೊಗೆಸೊಪ್ಪು ಇನ್ನೂ ಹೊಲದಲ್ಲಿರುತ್ತದೆ. ಹರಾಜಿಗೆ ತಿಂಗಳುಗಳೇ ಇರುತ್ತವೆ. ಹಣ ಸಾಲದಿಂದಲೇ ಬರಬೇಕು. ಮೊತ್ತ ದೊಡ್ಡದಾದರೆ ಜಮೀನಿನ ಪತ್ರ ಬ್ಯಾಂಕು ಸೇರುತ್ತದೆ. ಮುಂದೆ ಕಂತು ತೀರಬೇಕಾದುದು ಜಾಹೀರಾತಿನ ವೇತನದಿಂದಲ್ಲ, ಆ ಮಗುವಿನ ಕೈಸೇರುವ ವೇತನದಿಂದ. ಆದ್ದರಿಂದ ಪ್ರವೇಶ ಕಚೇರಿಯಲ್ಲಿ ಕೇಳಿರಿ: ಕಳೆದ ವರ್ಷ ಈ ವಿಭಾಗದಿಂದ ಹೊರಬಂದವರೆಷ್ಟು, ಕೆಲಸ ದೊರೆತವರೆಷ್ಟು, ಅವರಲ್ಲಿ ನಡುವಿನವನ ಸಂಬಳವೆಷ್ಟು? ಉತ್ತರವನ್ನು ಬರೆದುಕೊಡಲು ಹೇಳಿರಿ. ಮೇಜಿನ ಹಿಂದೆ ನಮ್ಮ ಗುರುಗಳೋ ಕನ್ಯಾಸ್ತ್ರೀಯರೋ ಕುಳಿತಿದ್ದರೂ ಕೇಳಿರಿ.